ಡಾಂಬರು ಬಳಿದ ಬೋರ್ಡು

ಅರವತ್ತರ ದಶಕದ ಆರಂಭ. ಗಂಡ ತೀರಿಹೋದ ಮೇಲೆ ಗುಬ್ಬಿಯ ತವರಿಗೆ ಮರಳಲು ಮನಸ್ಸಾಗದೆ, ತುಮಕೂರಿನ ಪೇಟೆಯಲ್ಲೊಂದು ಮಳಿಗೆ ಹಿಡಿದು ಹೊಲಿಗೆ ಅಂಗಡಿ ಇಟ್ಟೆ. ಜೊತೆಗಿದ್ದವರು ಹೊಲಿಗೆ ಕ್ಲಾಸಿನಲ್ಲಿ ಪರಿಚಯವಾದ ಕುಣಿಗಲ್ಲಿನ ಮುಸ್ಲಿಂ ಹೆಂಗಸು. ನನಗಿಂತ ಹಿರಿಯರು. ನಾನು ಆಪಾ ಎನ್ನುತ್ತಿದ್ದೆ, ಅವರಿಗೆ ನಾನು ತಂಗಿ.

ಬೋರ್ಡಿನ ಮೇಲ್ಸಾಲಿನಲ್ಲಿ ‘ಹೆಂಗಸರ ಹೊಲಿಗೆ ಅಂಗಡಿ’ ಎಂದು ಕನ್ನಡದಲ್ಲಿ, ಕೆಳಗೆ ಅದನ್ನೇ ಉರ್ದುವಿನಲ್ಲಿ ಬರೆಸಿದೆವು. ಬುರ್ಖಾ ಹಾಕಿ ಪೇಟೆಗೆ ಬರುತ್ತಿದ್ದ ಎಷ್ಟೋ ಹೆಂಗಸರು ಕನ್ನಡ ಚೆನ್ನಾಗಿ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಕೆಳಗಿನ ಸಾಲು ಕಂಡು ಧೈರ್ಯವಾಗಿ ಒಳಗೆ ಬರುತ್ತಿದ್ದರು.

ಒಂದು ದಿನ ಮಳಿಗೆಯ ಯಜಮಾನರು ಬಂದು ಬೋರ್ಡನ್ನೇ ದಿಟ್ಟಿಸಿದರು.

“ಏನಮ್ಮಾ, ಇದು ಕನ್ನಡದ ಊರು. ಆ ಕೆಳಗಿನ ಸಾಲು ಅಳಿಸ್ಬಿಡಿ. ಜನ ಮಾತಾಡ್ತಾವ್ರೆ.”

“ಎದುರುಗಡೆ ಬಟ್ಟೆ ಅಂಗಡೀಲಿ ಬರೀ ಇಂಗ್ಲಿಷೇ ಇದೆಯಲ್ಲ ಯಜಮಾನ್ರೇ, ಅವ್ರಿಗೆ ಹೇಳಿದ್ರಾ?” ಎಂದೆ.

ಅವರ ಮುಖ ಕೆಂಪಾಯಿತು. “ಅದು ಬೇರೆ, ಇದು ಬೇರೆ.”

“ಹೆಂಗೆ ಬೇರೆ ಅಂತ ಹೇಳಿ, ಅಳಿಸ್ತೀನಿ.”

ಅವರು ಸರಸರ ಹೊರಟುಹೋದರು. ಅದೇ ವಾರ ಬೆಳಿಗ್ಗೆ ಬಾಗಿಲು ತೆಗೆಯಲು ಹೋದರೆ ಉರ್ದು ಸಾಲಿನ ಮೇಲೆ ಡಾಂಬರು. ಅದು ಸೋರಿ ಹೊಸಿಲವರೆಗೂ ಇಳಿದಿತ್ತು. ಆಪಾ ಸೀಮೆಎಣ್ಣೆ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲು ಹತ್ತಿದರು. ಬೀದಿ ತುಂಬ ಜನ ನೋಡುತ್ತಿರುವಾಗಲೇ ಉಜ್ಜತೊಡಗಿದರು.

“ಕನ್ನಡ ನನ್ನ ಬಾಯಲ್ಲಿರೋ ಮಾತು. ಈ ಅಕ್ಷರ ನಮ್ಮವ್ವ ಕಲಿಸಿದ್ದು,” ಎಂದು ಅಲ್ಲಿಂದಲೇ ಗಟ್ಟಿಯಾಗಿ ಹೇಳಿದರು. “ಯಾವುದನ್ನ ಬುಡ್ಲಿ? ಒಂದನ್ನೂ ಬುಡಲ್ಲ.”



ಡಾಂಬರಿನ ಜೊತೆ ಎರಡೂ ಸಾಲಿನ ಬಣ್ಣವೂ ಎದ್ದುಬಂತು. ಬೋರ್ಡು ಬರೆದಿದ್ದವನು ಮತ್ತೆ ಬರೆಯಲು ಹೆದರಿದ. ಸರಿ ಎಂದು ನಾವೇ ಬಣ್ಣ ತಂದೆವು. ಕನ್ನಡ ನಾನು ಬರೆದೆ, ಉರ್ದು ಅವರು ಬರೆದರು. ಎರಡೂ ಸಾಲು ಸೊಟ್ಟಗಿದ್ದವು, ಆದರೆ ಮೊದಲಿಗಿಂತ ದಪ್ಪಗಿದ್ದವು.

ಯಜಮಾನರು ಮಳಿಗೆ ಬಿಡಿಸಿದರು. ಬೇಡಿಕೊಳ್ಳಲು ನಾವು ಅವರ ಮನೆಗೆ ಹೋಗಲಿಲ್ಲ. ಶೆಟ್ಟಿಹಳ್ಳಿ ಕಡೆಯ ರಸ್ತೆಯಲ್ಲಿ ಸಣ್ಣ ಕೋಣೆಯೊಂದು ಸಿಕ್ಕಿತು. ಮಿಷನ್ನುಗಳನ್ನು ಕೈಗಾಡಿಯವನಿಗೆ ಒಪ್ಪಿಸಿ, ಬೋರ್ಡನ್ನು ನಾನೂ ಆಪಾನೂ ಒಂದೊಂದು ತುದಿ ಹಿಡಿದು, ಇಂಗ್ಲಿಷ್ ಬೋರ್ಡಿನ ಆ ಬಟ್ಟೆ ಅಂಗಡಿಯ ಮುಂದೆಯೇ ನಡೆದು ಹೋದೆವು. ಬೇಕೆಂದೇ ರಸ್ತೆ ದಾಟಿ ಆ ಬದಿ ಹಿಡಿದಿದ್ದೆವು.

ಹಳೆಯ ಗಿರಾಕಿಗಳು ಹುಡುಕಿಕೊಂಡು ಬಂದರು. ಅವರಲ್ಲಿ ಯಜಮಾನರ ಸೊಸೆಯೂ ಇದ್ದಳು. “ಮಾವನೋರಿಗೆ ಗೊತ್ತಿಲ್ಲ ಕಣಕ್ಕಾ,” ಎನ್ನುತ್ತ ರವಿಕೆ ಬಟ್ಟೆ ಬಿಚ್ಚಿದಳು.

“ಗೊತ್ತಾಗ್ಲಿ ಬುಡಮ್ಮ,” ಎಂದು ಆಪಾ ಅಳತೆಯ ಟೇಪು ತೆಗೆದುಕೊಂಡರು.