ಮುರಿದ ತಂತಿ ಕೊಟ್ಟ ಅಳತೆ

ದೆವ್ವ, ಮಾಟ, ಭಾನಾಮತಿಗಳ ಕತೆ ಹೇಳಲು ಬಂದವರನ್ನು ನಾನು ಮಾತು ಮುಗಿಸಲು ಬಿಟ್ಟವನಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಭೆ ಕೂಡಿಸಿ, ಇಂಥ ನಂಬಿಕೆಗಳಿಂದ ಬಡವರಿಗೆ, ಅದರಲ್ಲೂ ಹೆಂಗಸರಿಗೆ ಆಗುವ ಅನ್ಯಾಯವನ್ನು ಬಿಡಿಸಿ ಹೇಳುವುದು ಶಾಲೆಯ ಕೆಲಸದ ಜೊತೆಗೆ ನಾನಾಗಿಯೇ ಹಚ್ಚಿಕೊಂಡ ಕೆಲಸವಾಗಿತ್ತು. ಕಾರಣವಿಲ್ಲದೆ ಏನೂ ನಡೆಯುವುದಿಲ್ಲ. ಕಾರಣ ತಿಳಿಯದಿದ್ದರೆ ಇನ್ನಷ್ಟು ಹುಡುಕಬೇಕು, ಕೈಮುಗಿದು ಕೂಡಬಾರದು. ಇಂದಿಗೂ ನನ್ನ ನಿಲುವು ಅದೇ. ಆದರೆ ಅರವತ್ತರ ದಶಕದ ಮೊದಲಲ್ಲಿ, ಬಸವನ ಬಾಗೇವಾಡಿಯಲ್ಲಿ, ಒಂದು ಮಧ್ಯಾಹ್ನ ನಾನು ಕಣ್ಣಾರೆ ಕಂಡದ್ದಕ್ಕೆ ಕಾರಣವನ್ನು ಇಷ್ಟು ವರ್ಷ ಹುಡುಕಿಯೂ ಸೋತಿದ್ದೇನೆ. ಅದನ್ನು ಬಚ್ಚಿಟ್ಟು ಬೇರೆಯವರಿಗೆ ಸತ್ಯದ ಪಾಠ ಹೇಳುವುದು ಸರಿಯಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಇಂಡಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ವಿಜ್ಞಾನ ಕಲಿಸಲು ಧರ್ಮಣ್ಣ ಎಂಬ ತರುಣರು ಬಂದಿದ್ದರು. ಚಡಚಣದ ಕಡೆಯವರು. ತಲೆಮಾರುಗಳಿಂದ ಅಸ್ಪೃಶ್ಯತೆಯ ನೋವುಂಡ ಅವರ ಮನೆತನ ಕೆಲವೇ ವರ್ಷಗಳ ಹಿಂದೆ ಬೌದ್ಧ ಧರ್ಮವನ್ನು ಸ್ವೀಕರಿಸಿತ್ತು. ಸೊಲ್ಲಾಪುರದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ದುಡಿಯುತ್ತಲೇ ಅವರು ಪದವಿ ಪಡೆದಿದ್ದರು. ಅಂಥವರಿಗೆ ನಮ್ಮ ಶಿಕ್ಷಕರ ಕೋಣೆಯಲ್ಲಿ ನೀರು ಕುಡಿಯಲು ಬೇರೆ ಲೋಟ ಇಟ್ಟಿದ್ದರು. ನಾನು ಜಗಳಾಡಿದೆ, ಮೇಲಿನವರಿಗೆ ಬರೆದೆ, ಯಾವುದೂ ಫಲಿಸದಿದ್ದಾಗ ನಾನೂ ಅದೇ ಲೋಟದಲ್ಲಿ ಕುಡಿಯತೊಡಗಿದೆ.

“ಏನ್ ಸಮಾನತಾ ತಂದ್ರಿ ಮಾಸ್ತರ! ಮೊದಲ ನನಗ ಇಡೀ ಲೋಟಾ ಇತ್ತು, ಈಗ ಅರ್ಧಾ ಉಳೀತು ನೋಡ್ರಿ” ಎಂದು ಧರ್ಮಣ್ಣ ನಕ್ಕಿದ್ದರು.

ರಜೆ ಬಂದರೆ ಅವರು ಸೊಲ್ಲಾಪುರಕ್ಕೆ ಹೋಗಿ, ಹಳೆಯ ಪರಿಚಯದ ಮೇಲೆ ಅದೇ ಪ್ರಯೋಗಶಾಲೆಯಲ್ಲಿ ಒಂದು ಸಲಕರಣೆಯನ್ನು ಕಟ್ಟುತ್ತಿದ್ದರು. ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಗಾಜಿನ ಕೊಳವೆಯಿಂದ ಹೆಚ್ಚಿನ ಗಾಳಿಯನ್ನು ಹೀರಿ ತೆಗೆದು, ಉಳಿದ ತೆಳುವಾದ ಗಾಳಿಯೊಳಗೆ ವಿದ್ಯುತ್ತು ಹರಿಸಿದರೆ ಅದು ನಸುಗೆಂಪಾಗಿ ಬೆಳಗುತ್ತದೆ. ಹೀಗೆ ಬೆಳಗುವ ಗಾಳಿಯನ್ನು ವಿಜ್ಞಾನಿಗಳು ಪ್ಲಾಸ್ಮಾ ಎನ್ನುತ್ತಾರೆ. ಅದರ ಕಾವೆಷ್ಟು, ಸಾಂದ್ರತೆಯೆಷ್ಟು ಎಂದು ತಿಳಿಯಲು ಹೊರಗಿನಿಂದ ನೋಡಿದರೆ ಸಾಲದು. ಕೂದಲಿನಷ್ಟು ಸಣ್ಣ ತಂತಿಯೊಂದನ್ನು ಗಾಜಿನಲ್ಲಿ ಬೆಸೆದು ಒಳಗೆ ಇಳಿಬಿಡಬೇಕು. ಹೊರಗಿನ ಬ್ಯಾಟರಿಗಳಿಂದ ಅದಕ್ಕೆ ವಿದ್ಯುತ್ತಿನ ಒತ್ತಡವನ್ನು ಹಂತಹಂತವಾಗಿ ಏರಿಸಿದಂತೆ ತಂತಿಯಲ್ಲಿ ಎಷ್ಟು ವಿದ್ಯುತ್ತು ಹರಿಯಿತೆಂಬುದನ್ನು ಮೀಟರಿನ ಮುಳ್ಳು ತೋರಿಸುತ್ತದೆ. ಆ ತಂತಿಯ ಉದ್ದ ಸ್ವಲ್ಪ ಬದಲಾದರೂ ಅಳತೆ ಬದಲಾಗುತ್ತದೆ. ಇಂಥ ಸಲಕರಣೆ ಅಂಗಡಿಯಲ್ಲಿ ಸಿಗುವುದಿಲ್ಲ. ಬೇಕಾದವರು ತಾವೇ ಮಾಡಿಕೊಳ್ಳಬೇಕು.

ಆ ವರ್ಷ ಬಾಗೇವಾಡಿಯಲ್ಲಿ ವಿಜ್ಞಾನ ಶಿಕ್ಷಕರ ಸಮ್ಮೇಳನ ನಡೆಯಿತು. ಧಾರವಾಡದಿಂದ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಬರುವವರಿದ್ದರು. ಅವರ ಕೈಕೆಳಗೆ ಸಂಶೋಧನೆ ಮಾಡಲು ಒಂದೇ ಒಂದು ಸ್ಥಾನ ತೆರವಾಗಿತ್ತು. ಸಲಕರಣೆ ತಮ್ಮ ಕಣ್ಣೆದುರಿಗೆ ಕೆಲಸ ಮಾಡಿದರೆ ಆ ಸ್ಥಾನ ಧರ್ಮಣ್ಣನವರದೆಂದು ಅವರು ತಿಳಿಸಿದ್ದರು. ಧರ್ಮಣ್ಣನವರ ಪಾಲಿಗೆ ಅದು ಆ ಲೋಟದಿಂದ ಬಿಡುಗಡೆಯ ದಾರಿ.

ಕೊಳವೆಯನ್ನು ಮರದ ಪೆಟ್ಟಿಗೆಯಲ್ಲಿ ಅರಳೆಯ ನಡುವೆ ಕೂಡಿಸಿ ಇಬ್ಬರೂ ಬಸ್ಸು ಹತ್ತಿದೆವು. ನಾನು ಹೊರಟದ್ದು ಅವರ ಸಹಾಯಕ್ಕೆಂದು. ಕಂಡಕ್ಟರ್ ಅದನ್ನು ಬಸ್ಸಿನ ಮೇಲಿನ ಟಪ್ಪಿಗೆ ಹಾಕಲು ಹೊರಟ.

“ಏನೈತ್ರಿ ಇದರಾಗ?”

“ಬೆಳಕ ಐತ್ರಿ” ಎಂದರು ಧರ್ಮಣ್ಣ.

“ಹಂಗಾರ ವಜ್ಜಿ ಇರಾಂಗಿಲ್ಲ. ತೊಡಿ ಮ್ಯಾಲ ಇಟ್ಕೊಂಡ ಕುಂದರ್ರಿ.”

ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡು, ಯಾವ ಪೆಟ್ಟೂ ಬೀಳದಂತೆ ಬಾಗೇವಾಡಿ ಮುಟ್ಟಿಸಿದೆವು. ನಾನೇ ಮುಚ್ಚಳ ತೆಗೆದು ನೋಡಿದ್ದೆ. ತಂತಿ ನೆಟ್ಟಗೆ ಇತ್ತು.

ಪೆಟ್ಟಿಗೆಯನ್ನು ಸಭಾಗೃಹದ ಪಕ್ಕದ ಕೋಣೆಯಲ್ಲಿಟ್ಟು ಊಟಕ್ಕೆ ಹೋದೆವು. ಸಮಾನತೆಯ ಮೇಲೆ ಬೆಳಗ್ಗೆ ಭಾಷಣ ಕೇಳಿ ಚಪ್ಪಾಳೆ ತಟ್ಟಿದ ಜನರೇ ಮಧ್ಯಾಹ್ನ ಧರ್ಮಣ್ಣನವರಿಗೆ ಪಂಕ್ತಿಯ ಹೊರಗೆ ಎಲೆ ಹಾಕಿದ್ದರು. ನಾನು ಎದ್ದು ಅವರ ಪಕ್ಕಕ್ಕೆ ಹೋಗಿ ಕುಳಿತೆ. ಕೈತೊಳೆದು ಬಂದರೆ ಪೆಟ್ಟಿಗೆ ಕೋಣೆಯಲ್ಲಿಲ್ಲ, ಪಡಸಾಲೆಯ ಆ ತುದಿಯಲ್ಲಿದೆ. ಸುತ್ತ ಒಂದು ಹಗ್ಗ.

ಊಟದ ವ್ಯವಸ್ಥೆ ನೋಡುತ್ತಿದ್ದವನನ್ನು ಕೇಳಿದೆ. ಅವನಿಗೆ ಅಳುಕೇನೂ ಇರಲಿಲ್ಲ. “ಆ ಖೋಲ್ಯಾಗ ಕುಡಿಯೂ ನೀರಿನ ಹಂಡೆ ಅದಾವ್ರಿ ಮಾಸ್ತರ. ಅವರ ಪೆಟಗಿ ಅಲ್ಲಿ ಹ್ಯಾಂಗ ಇಡೂದ್ರಿ? ನಾವೇನ್ ಮುಟ್ಟಿಲ್ಲ ಬಿಡ್ರಿ. ಹಗ್ಗಾ ಹಾಕಿ ಎಳದೇವಿ.”

ಮುಟ್ಟದೆ ಇದ್ದದ್ದೇ ಅಪರಾಧವೆಂದು ಅವನಿಗೆ ತಿಳಿಸುವ ಹೊತ್ತಿಗೆ ಗಂಟೆ ಹೊಡೆಯಿತು. ಧರ್ಮಣ್ಣ ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿ ಕಿವಿಗೊಟ್ಟರು. ಒಡೆದ ಗಾಜಿನ ಸದ್ದಿಲ್ಲ. ತೆರೆದು ನೋಡಲು ಬಿಡುವೂ ಇರಲಿಲ್ಲ.

ಕಿಟಕಿಗಳಿಗೆ ಕಂಬಳಿ ಕಟ್ಟಿ ಸಭಾಗೃಹವನ್ನು ಕತ್ತಲಾಗಿಸಿದ್ದರು. ಪ್ರಾಧ್ಯಾಪಕರು ಮೀಟರಿನ ಹತ್ತಿರವೇ ಕುಳಿತರು. ಕೊಳವೆ ಪೆಟ್ಟಿಗೆಯೊಳಗೇ ಇತ್ತು; ಬ್ಯಾಟರಿಗೂ ಮೀಟರಿಗೂ ಜೋಡಿಸುವ ತುದಿಗಳು ಹೊರಗೆ ಬಂದಿದ್ದವು. ಪೆಟ್ಟಿಗೆಯ ಮುಂದಿನ ಕಿಂಡಿಯಿಂದ ನಸುಗೆಂಪು ಬೆಳಕು ಕಂಡಾಗ ಹಿಂದಿನ ಸಾಲಿನವರು “ಆಹಾ” ಎಂದರು. ಧರ್ಮಣ್ಣ ಒತ್ತಡ ಏರಿಸುತ್ತ ಹೋದರು, ನಾನು ಸಣ್ಣ ಟಾರ್ಚು ಹಿಡಿದು ಮುಳ್ಳು ತೋರಿಸಿದ ಅಂಕಿಯನ್ನು ಗಟ್ಟಿಯಾಗಿ ಓದುತ್ತ ಹೋದೆ. ಮುಳ್ಳು ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗನೆ ಏರಿ, ಕೊನೆಗೆ ಬಹುಮಟ್ಟಿಗೆ ನಿಂತಿತು. ಹೀಗೆಯೇ ಆಗಬೇಕೆಂದು ಧರ್ಮಣ್ಣ ನನಗೆ ಮೊದಲೇ ಹೇಳಿದ್ದರು. ನಡುವೆ ಪ್ರಾಧ್ಯಾಪಕರು ಅವರ ಕೈ ಸರಿಸಿ ಒತ್ತಡ ಏರಿಸುವ ಗುಂಡಿಯನ್ನು ತಾವೇ ತಿರುಗಿಸಿದರು. ಮುಳ್ಳು ಅವರ ಕೈಗೂ ಹಾಗೆಯೇ ನಡೆಯಿತು. ಅಂಕಿಗಳನ್ನು ಅವರೇ ಬರೆದುಕೊಂಡರು.

ಕಂಬಳಿ ಸರಿಸಿದ ಮೇಲೆ, ಒಳಗಿನ ರಚನೆಯನ್ನು ಎಲ್ಲರಿಗೆ ತೋರಿಸಲೆಂದು ಧರ್ಮಣ್ಣ ಮುಚ್ಚಳ ತೆಗೆದರು. ತಂತಿ ಬೆಸುಗೆಯ ಬುಡದಲ್ಲೇ ಮುರಿದು ಕೊಳವೆಯ ತಳದಲ್ಲಿ ಬಿದ್ದಿತ್ತು.

ಅದನ್ನು ಅವರು ಕಂಡಿದ್ದರು, ನಾನು ಕಂಡಿದ್ದೆ. ಸಭೆಗೆ ಕಂಡಿರಲಿಲ್ಲ. ಮುಚ್ಚಳವನ್ನು ಮತ್ತೆ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸ್ಥಾನ ಅವರ ಕೈಯಲ್ಲಿತ್ತು. ಧರ್ಮಣ್ಣ ಪೆಟ್ಟಿಗೆಯನ್ನು ಪ್ರಾಧ್ಯಾಪಕರ ಮುಂದಕ್ಕೆ ತಿರುಗಿಸಿದರು.

“ಸರ, ಬರಕೊಂಡಿದ್ದು ಹೊಡದ ಹಾಕ್ರಿ. ತಂತಿ ಮುರದೈತಿ. ಇದು ನನ್ನ ಸಲಕರಣಿ ಕೊಟ್ಟ ಅಳತಿ ಅಲ್ರಿ.”

“ಮುರದ್ರೂ ಮುಳ್ಳು ಕುಣೀತಲ್ರೀ!” ಎಂದು ಹಿಂದಿನಿಂದ ಯಾರೋ ಕೂಗಿದರು. “ಭಾನಾಮತಿ ಕಲ್ತ ಬಂದಾನ ಧರ್ಮಣ್ಣ!” ಸಭೆ ನಕ್ಕಿತು.

ಪ್ರಾಧ್ಯಾಪಕರು ನಗಲಿಲ್ಲ. “ತಂತಿ ಮುರದಿದ್ದು ನನಗ ಮೊದಲಽ ಗೊತ್ತಿತ್ರೀ” ಎಂದರು. ಹಗ್ಗ ಹಾಕಿ ಎಳೆಯುವುದನ್ನು ಅವರು ಪಡಸಾಲೆಯಲ್ಲಿ ನಿಂತು ನೋಡಿದ್ದರು, ಮುಚ್ಚಳ ಎತ್ತಿಯೂ ನೋಡಿದ್ದರು. “ನೀವು ಹೇಳ್ತೀರೋ ಮುಚ್ಚತೀರೋ ನೋಡೂಣು ಅಂತ ಸುಮ್ಮನಿದ್ದೆ. ಮುಳ್ಳು ಏರಾಕ ಹತ್ತಿದ ಮ್ಯಾಲ ನಂಬಿಕಿ ಬರಲಾರ್ದ ಗುಂಡಿ ನಾನಽ ತಿರುವಿ ನೋಡಿದೆ.”

ಹಗ್ಗ ಎಳೆಯುವುದನ್ನು ಕಂಡೂ ತಡೆಯದಿದ್ದದ್ದು, ನೊಂದವನ ಪ್ರಾಮಾಣಿಕತೆಯನ್ನು ಅವನಿಗೆ ತಿಳಿಯದಂತೆ ಪರೀಕ್ಷೆಗೆ ಹಚ್ಚಿದ್ದು, ಇವೆರಡೂ ಅನ್ಯಾಯವೇ. ಅದನ್ನು ನಾನು ಅವರಿಗೆ ಅಲ್ಲಿಯೇ ಹೇಳಿದೆ. ಅವರು ತಲೆಬಾಗಿಸಿ ಒಪ್ಪಿಕೊಂಡರೆಂಬುದನ್ನೂ ಹೇಳಬೇಕು.

ಮತ್ತೆ ಕಂಬಳಿ ಕಟ್ಟಿಸಿದೆವು. ಅದೇ ಬ್ಯಾಟರಿ, ಅದೇ ಬೆಳಕು. ಪ್ರಾಧ್ಯಾಪಕರು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಈ ಸಲ ಮುಳ್ಳು ಅಲುಗಲಿಲ್ಲ. ಎಷ್ಟು ಸಲ ಮಾಡಿದರೂ ಅಲುಗಲಿಲ್ಲ.

“ಬರೂ ಸೋಮವಾರ ಧಾರವಾಡಕ್ಕ ಬರ್ರಿ” ಎಂದರು ಪ್ರಾಧ್ಯಾಪಕರು ಧರ್ಮಣ್ಣನವರಿಗೆ. “ಮುಳ್ಳು ಏರಿತಂತ ಅಲ್ಲ. ಹೊಡದ ಹಾಕ್ರಿ ಅಂದ್ರಲ್ಲ, ಅದಕ್ಕ.”

ಧಾರವಾಡದಲ್ಲಿ ಧರ್ಮಣ್ಣ ಕೊಳವೆಗೆ ಅಷ್ಟೇ ಉದ್ದದ ಹೊಸ ತಂತಿ ಬೆಸೆದು, ಒಳಗೆ ಮೊದಲಿನಷ್ಟೇ ಗಾಳಿ ಉಳಿಸಿ ಮತ್ತೆ ಅಳೆದರು. ನಾನೂ ಹೋಗಿದ್ದೆ. ಬಂದ ಅಂಕಿಗಳು, ಬಾಗೇವಾಡಿಯಲ್ಲಿ ನಾನು ಗಟ್ಟಿಯಾಗಿ ಓದಿದ, ಪ್ರಾಧ್ಯಾಪಕರು ಹೊಡೆದುಹಾಕದೆ ಇಟ್ಟುಕೊಂಡಿದ್ದ ಅಂಕಿಗಳೊಂದಿಗೆ ಸರಿಹೊಂದಿದವು. ಮುರಿದ ಬುಡದಿಂದಲೇ ವಿದ್ಯುತ್ತು ಹರಿದಿರಬಹುದೆಂದು ಬಲ್ಲವರು ಹೇಳಿದ್ದುಂಟು. ಹಾಗಿದ್ದರೆ ಅಳತೆ ತೀರ ಕಡಿಮೆ ಬರಬೇಕಿತ್ತು, ಎರಡನೆಯ ಸಲವೂ ಬರಬೇಕಿತ್ತು. ಬಿದ್ದ ತಂತಿ ಹೇಗೋ ತಾಗಿಕೊಂಡಿತ್ತೆಂದು ಇನ್ನೊಬ್ಬರು. ತಾಗುವಷ್ಟು ಹತ್ತಿರ ಅದು ಬಿದ್ದಿರಲಿಲ್ಲ. ಪವಾಡವೆಂದು ಕರೆಯಲು ನಾನು ಸಿದ್ಧನಿಲ್ಲ. ಕಾರಣವನ್ನು ಕೊಡಲು ಶಕ್ತನೂ ಅಲ್ಲ. ಈ ಕತೆ ಕೇಳಿದವರೆಲ್ಲ ಮುಳ್ಳು ಹೇಗೆ ಅಲುಗಿತೆಂದು ಕೇಳುತ್ತಾರೆ. ಹಗ್ಗ ಏಕೆ ಬಂತೆಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕಾದರೆ ನನ್ನ ಬಳಿ ಪೂರ್ತಿ ವಿವರಣೆ ಇದೆ.

ಧರ್ಮಣ್ಣ ಮುಂದೆ ದೊಡ್ಡ ಪ್ರಯೋಗಶಾಲೆಯೊಂದನ್ನು ಸೇರಿದರು. ದೂರದ ಕಾರ್ಖಾನೆಗಳವರೂ ತಮ್ಮ ಕೆಲಸಕ್ಕೆ ತಕ್ಕ ಅಳತೆಯ ಸಲಕರಣೆ ಮಾಡಿಕೊಡಿರೆಂದು ಅವರನ್ನು ಹುಡುಕಿಕೊಂಡು ಬರುತ್ತಾರೆ. ಹೋದ ಸಲ ಇಂಡಿಗೆ ಬಂದಾಗ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಆ ದಿನ ಮುಳ್ಳು ಏಕೆ ಏರಿತು, ಈಗಲಾದರೂ ಹೇಳಿ ಎಂದೆ.

“ಗೊತ್ತಿಲ್ರಿ ಮಾಸ್ತರ” ಎಂದರು, ಬಸಿಯಲ್ಲಿನ ಚಹಾ ಊದುತ್ತ. “ಗೊತ್ತಿಲ್ಲ ಅಂತ ಬಾಯಿಬಿಟ್ಟ ಹೇಳಾಕಽ ಈಗ ನನಗ ಪಗಾರ ಕೊಡತಾರ.”

ನನಗೆ ಹಾಗೆ ಪಗಾರ ಕೊಡುವವರು ಯಾರೂ ಇಲ್ಲ. ಆದರೂ ನಾನು ಹೇಳಬೇಕಾದದ್ದು ಅದನ್ನೇ.