ಮಹಾದೇವಿಯವರ ಮನೆಯಲ್ಲಿ ನಾನು ಹಿಡಿಯದೆ ಬಿಟ್ಟ ಮಾತು

ಸುಮಾರು ಹತ್ತು ವರ್ಷಗಳ ಹಿಂದೆ ನಾನು ಸಾಕ್ಷ್ಯಚಿತ್ರಗಳಿಗೆ ಸೌಂಡ್ ರೆಕಾರ್ಡಿಸ್ಟ್ ಆಗಿದ್ದೆ. ಸುರಪುರ ತಾಲ್ಲೂಕಿನ ಕೆಂಭಾವಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಮಹಾದೇವಿಯವರ ಬಗ್ಗೆ ಇಪ್ಪತ್ತು ನಿಮಿಷದ ಚಿತ್ರ. ಆರು ದಿನ ಅಲ್ಲಿದ್ದೆವು. ಮದುವೆಯಾಗದ ಅವರು ತಮ್ಮನ ಮನೆಯಲ್ಲಿದ್ದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು, ಮಾತು ಮಾತ್ರ ಉಳಿದಿತ್ತು. ನಾವು ಪ್ರಶ್ನೆ ಬರೆದು ತೋರಿಸಿದರೆ ಬಾಯಲ್ಲೇ ಉತ್ತರ ಕೊಡುತ್ತಿದ್ದರು.

ಅವರ ಒಂಟಿತನ ತೋರಿಸಲು ನಿರ್ದೇಶಕಿ ಹಿನ್ನೆಲೆಗೆ ಪಿಟೀಲು ಬೇಕೆಂದರು. ನಾನು ಒಪ್ಪಲಿಲ್ಲ. ಕೇಳಿಸದವರ ಕಥೆಗೆ ನೋಡುಗರಿಗಷ್ಟೇ ಕೇಳಿಸುವ ಸಂಗೀತ ಹಾಕಿದರೆ ದೂರ ನಿಂತು ಮರುಗಿದಂತಾಗುತ್ತದೆ. ಪೂರ್ತಿ ಮೌನ ಇಟ್ಟರೆ ಹೇಗೆ ಎಂದು ಮಹಾದೇವಿಯವರನ್ನೇ ಬರೆದು ಕೇಳಿದೆ.

ಅವರು ನಕ್ಕರು. "ಮೌನ ಎಲ್ಲೈತ್ರಿ? ತಲಿಯೊಳಗ ಸದಾ ಗುಂಯ್ ಅಂತಿರ್ತೈತಿ. ಮಷೀನ್ ತುಳದ್ರ ಅಂಗಾಲಿಗೆ ಗೊತ್ತಾಗ್ತೈತಿ. ಈ ಮನಿಯಾಗ ಅದೊಂದ ನನ್ನ ಜೋಡಿ ಮಾತಾಡೂದು."

ಉತ್ತರ ಸಿಕ್ಕಿತ್ತು. ಕಾಂಟ್ಯಾಕ್ಟ್ ಮೈಕ್ ಎಂಬ ಸಣ್ಣ ಬಿಲ್ಲೆ ಇರುತ್ತದೆ. ಅದು ಗಾಳಿಯಲ್ಲಿ ಬರುವ ಸದ್ದನ್ನು ಬಿಟ್ಟು, ತಾನು ಅಂಟಿಕೊಂಡ ವಸ್ತುವಿನ ನಡುಕವನ್ನು ಹಿಡಿಯುತ್ತದೆ. ಅದನ್ನು ಹೊಲಿಗೆ ಮಷೀನಿನ ಹಲಗೆಗೆ ಅಂಟಿಸಿದೆ. ಕ್ಯಾಮೆರಾವನ್ನು ಅವರ ಬೆನ್ನ ಹಿಂದೆ, ಕೆನ್ನೆಯ ಅಂಚಷ್ಟೇ ಕಾಣುವಂತೆ ಇಟ್ಟರು. ಈ ಶಾಟಿಗೆ ಮಾತೂ ಪಿಟೀಲೂ ಬೇಡವೆಂದು ನಿರ್ದೇಶಕಿಯೂ ಒಪ್ಪಿದ್ದರಿಂದ ಉಳಿದ ಮೈಕುಗಳನ್ನೆಲ್ಲ ಆಫ್ ಮಾಡಿದೆ.

ಎದುರಿನ ಪಡಸಾಲೆಯಲ್ಲಿ ಅವರ ತಮ್ಮನ ಹೆಂಡತಿ ನೀಲಮ್ಮ ನೆರೆಯ ಹೆಂಗಸರೊಂದಿಗೆ ಚಹಾ ಕುಡಿಯುತ್ತಿದ್ದಳು. ಅವಳು ಏನೋ ಹೇಳಿದಳು, ಎಲ್ಲರೂ ಬಿದ್ದುಬಿದ್ದು ನಕ್ಕರು. ಮಹಾದೇವಿ ತಲೆಯೆತ್ತಿದರು. ಯಾರೂ ಇತ್ತ ನೋಡಲಿಲ್ಲ. ಒಂದು ಗಳಿಗೆ ತಡೆದು ತಾವೂ ನಕ್ಕರು. ಕೆನ್ನೆಯ ಅಂಚು ಮೇಲೆದ್ದು ಇಳಿಯಿತು. ಮತ್ತೆ ಮಷೀನ್ ತುಳಿಯತೊಡಗಿದರು. ನನ್ನ ಹೆಡ್‌ಫೋನಿನಲ್ಲಿ ಆ ನಡುಕ ಬಿಟ್ಟರೆ ಬೇರೇನೂ ಇರಲಿಲ್ಲ. ತುಂಬಿದ ಮನೆಯಲ್ಲಿ ಅಷ್ಟು ಒಂಟಿಯಾಗಿರಬಹುದೆಂದು ನನಗೆ ಅಂದೇ ತಿಳಿದದ್ದು.

ಕೆಲವು ತಿಂಗಳ ನಂತರ ಶಹಾಪುರದ ಒಂದು ಸಭಾಂಗಣದಲ್ಲಿ ಚಿತ್ರ ತೋರಿಸಿದೆವು. ಮನೆಯವರೆಲ್ಲ ಬಂದಿದ್ದರು. ಆ ಶಾಟ್‌ನಲ್ಲಿ ಹೆಂಗಸರು ನಗುವುದು ಕಂಡರೂ ಕೇಳಿಸದಿದ್ದಾಗ ಹಿಂದಿನಿಂದ ಯಾರೋ, "ಆವಾಜ್ ಹೋಗೈತ್ರಿ!" ಎಂದು ಕೂಗಿದರು. ಆಮೇಲೆ ಮಷೀನಿನ ನಡುಕ ಮೆಲ್ಲಗೆ ಏರಿತು.

ದೀಪ ಹತ್ತಿದ ಮೇಲೆ ಮಹಾದೇವಿ ನೀಲಮ್ಮನನ್ನು ಕೇಳಿದರು: "ಅವತ್ತ ಏನ್ ಹೇಳಿ ನಗಾಕತ್ತಿದ್ದಿ?"

ನೀಲಮ್ಮ ಬಹಳ ಹೊತ್ತು ಯೋಚಿಸಿ ಬರೆದಳು: "ನೆನಪಿಲ್ಲಕ್ಕಾ. ಏನೋ ಸಣ್ಣ ಮಾತು."

"ಯಾರ್ ಸತ್ರು, ಯಾರ್ ಹಡದ್ರು, ಅದನ್ನೆಲ್ಲ ಬರದ್ ತೋರಸ್ತೀರಿ. ಸಣ್ಣ ಮಾತು ಯಾರೂ ಬರಿಯಂಗಿಲ್ಲ. ನನಗ ಬೇಕಾಗಿದ್ದು ಅದ." ಬಳಿಕ ನನ್ನತ್ತ ತಿರುಗಿದರು. "ನಿಮ್ಮ ಮಷೀನ್ದಾಗ ಇರಬೇಕಲ್ರಿ. ನೀವರ ಹೇಳ್ರಿ."

ಇಲ್ಲವೆಂದು ತಲೆಯಾಡಿಸಿದೆ. ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಶಾಟನ್ನು ಈಗಲೂ ಕೆಲವರು ಹೊಗಳುತ್ತಾರೆ. ನನಗೆ ಖುಷಿಯಾಗುವುದಿಲ್ಲ. ಮಾತನ್ನು ತೆಗೆಯುವ ಕೆಲಸ ಎಡಿಟಿಂಗ್‌ನಲ್ಲಿ ಆಗಬಹುದಿತ್ತು. ಹಿಡಿಯದ ಮಾತನ್ನು ಮಾತ್ರ ಎಲ್ಲಿಂದಲೂ ತರಲಾಗುವುದಿಲ್ಲ. ಅಂದಿನಿಂದ, ಚಿತ್ರಕ್ಕೆ ಬೇಡವೆಂದು ಖಚಿತವಾಗಿ ಗೊತ್ತಿದ್ದರೂ, ಮನೆಯವರ ಮಾತನ್ನು ಬೇರೆ ಟ್ರ್ಯಾಕಿನಲ್ಲಿ ಉಳಿಸಿಕೊಳ್ಳುತ್ತೇನೆ. ನಿರ್ದೇಶಕರು ಕೇಳದಿದ್ದರೂ ಆ ಮನೆಯವರೇ ಒಂದು ದಿನ ಕೇಳಬಹುದು.