ಗುಜರಿ ಅಂಗಡಿಯಲ್ಲಿ ಒನ್ಸ್ ಮೋರ್

ಗೆಳೆಯರೇ, ಇವತ್ತು ಬೆಟಗೇರಿಯ ಗುಜರಿ ಅಂಗಡಿಯಲ್ಲಿ ನನ್ನ ಎದೆ ಒಡೆಯುವುದೊಂದು ಬಾಕಿ ಇತ್ತು! ನಾನು ಕೂಡಿಸುತ್ತಿರುವ ಹಳೆಯ ಬಿಎಂಎಕ್ಸ್ ಸೈಕಲ್ಲಿಗೆ ಬಲಗೈ ಬ್ರೇಕ್ ಲಿವರ್ ಒಂದೇ ಕೊರತೆ. ಆರು ವರ್ಷ ಹುಡುಕಿದ ಆ ಲಿವರ್ ಅಂಗಡಿಯ ಮಾಲೀಕ ಮಾಬುಸಾಬರ ಕಲ್ಲಿನ ಮೇಲೆ ಮಲಗಿತ್ತು. ಕಬ್ಬಿಣದ ಬೋಲ್ಟು ಬೇರೆ, ಅಲ್ಯುಮಿನಿಯಂ ಬೇರೆ ಮಾಡಲು ಅವರು ಸುತ್ತಿಗೆ ಎತ್ತಿಯಾಗಿತ್ತು.

"ನಿಲ್ಲು! ಎತ್ತಿದ ಕೈ ಇಳಿದರೆ ಈ ಧರೆಯೇ ಬಿರಿದೀತು!" ಎಂದು, ನಾಟಕದಲ್ಲಿ ಪಾತ್ರ ಮಾಡುವ ನಾನು ರಂಗದ ದನಿಯಲ್ಲೇ ಅಬ್ಬರಿಸಿದೆ. ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಎದುರಿನ ಚಹಾದಂಗಡಿಯವರು ಸುಮ್ಮನಿರಬೇಕಲ್ಲ? ಸೀಟಿ ಹೊಡೆದು "ಒನ್ಸ್ ಮೋರ್!" ಎಂದು ಕೂಗಿದರು.

ಮಾಬುಸಾಬರಿಗೂ ನಾಟಕದ ಹುಚ್ಚು. ಸುತ್ತಿಗೆಯನ್ನು ಇನ್ನೂ ಮೇಲೆತ್ತಿದರು. "ಹೂಂ, ಒದರ್ರಿ ಮಾಸ್ತರ, ಮಂದಿ ಕೇಳಾಕತ್ತಾರ."

"ಮೊದಲ ಅದನ್ನ ಕೊಡ್ರಿ, ಆಮ್ಯಾಲ ಒದರತೀನಿ!"

"ಒನ್ಸ್ ಮೋರ್ ಅಂದಮ್ಯಾಲ ಒಲ್ಲೆ ಅನಬಾರದ್ರಿ. ಜಲ್ದಿ, ಕೈ ಸೋಲಾಕತ್ತೈತಿ!"

ಖರೆಯೇ, ಅವರ ಕೈ ನಡುಗುತ್ತಿತ್ತು, ಕೆಳಗೆ ನನ್ನ ಲಿವರ್. ಮತ್ತೆ ಅಬ್ಬರಿಸಿದೆ. ಮತ್ತೆ ಸೀಟಿ. ಹೀಗೆ ಮೂರು ಸಲ ಆದ ಮೇಲೆ ಸುತ್ತಿಗೆ ಪಕ್ಕಕ್ಕೆ ಇಳಿಯಿತು.

ಲಿವರ್ ಈಗ ನನ್ನ ಜೇಬಿನಲ್ಲಿದೆ. ಗಂಟಲು ಮಾತ್ರ ಪೂರ್ತಿ ಬಿದ್ದುಹೋಗಿದೆ. ಯಾವಾಗಲೂ ಫೋನ್ ಮಾಡಿ ಹೇಳುವ ನಾನು ಇವತ್ತು ಬರೆಯಲು ಕುಳಿತದ್ದು ಅದಕ್ಕೇ.